ಮುಟ್ಟದೆ ಬಿಟ್ಟ ಯೋಯೋ

"ಎರಡು ಮಳಿಗೆ. ಬಾಡಿಗೆ ಒಂದೇ, ಮುಂಗಡವೂ ಒಂದೇ. ಯಾವುದು ಬೇಕೆಂದು ನಾಳೆಯೊಳಗೆ ಹೇಳಬೇಕು. ಗುರುಗಳೇ, ಪಾಯಪ್ಪನ ಕಣ್ಣು ಯಾವುದರ ಮೇಲಿದೆ?" ಎಂದು ನೇಮಣ್ಣ ಕೇಳಿದ.

ನೇಮಣ್ಣ, ಪಾಯಪ್ಪ ಇಬ್ಬರೂ ಧರಣಪ್ಪ ಸೆಟ್ಟರ ಬಳಿ ವ್ಯಾಪಾರ ಕಲಿತವರು; ಈಗ ಇಬ್ಬರೂ ಮಳಿಗೆ ಹುಡುಕುತ್ತಿದ್ದರು. ಸೆಟ್ಟರು ಕೇಳಿದ್ದಕ್ಕೆ ಉತ್ತರ ಕೊಡದೆ ಕತೆ ಹೇಳಿದರು.

ಒಬ್ಬ ಯೋಯೋ ಆಟಗಾರನಿದ್ದ. ದಾರದ ತುದಿಯಲ್ಲಿ ತಿರುಗುವ ಆ ಪುಟ್ಟ ಜೋಡಿಗಾಲಿಯೇ ಅವನ ಬದುಕು. ಕೈ ಬಲು ಚುರುಕು. ಆದರೂ ಪ್ರತಿ ವರ್ಷ ಪಂದ್ಯ ಗೆಲ್ಲುತ್ತಿದ್ದವನು ಇನ್ನೊಬ್ಬ. ಆ ಇನ್ನೊಬ್ಬನ ಹೆಸರು ಕಿವಿಗೆ ಬಿದ್ದ ದಿನ ಇವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಪಂದ್ಯ ಹತ್ತಿರವಾದಾಗ ಪೇಟೆಯ ವ್ಯಾಪಾರಿಯೊಬ್ಬ ಪಂದ್ಯಕ್ಕೆಂದೇ ಮಾಡಿದ ಎರಡು ಯೋಯೋ ತರಿಸಿದ. ಒಂದರ ಅಂಚಿಗೆ ಉಕ್ಕಿನ ಬಳೆ; ಭಾರ. ಬಿಟ್ಟರೆ ಬಹಳ ಹೊತ್ತು ತಿರುಗುತ್ತದೆ, ದಿಕ್ಕು ಬದಲಿಸಲು ಮಾತ್ರ ಮೈಗಳ್ಳ. ಇನ್ನೊಂದು ಅಲ್ಯೂಮಿನಿಯಂನದು, ಹಗುರ. ಬೇಗ ದಣಿಯುತ್ತದೆ, ಆದರೆ ಬೆರಳು ಹೇಳಿದ ಕಡೆ ಹಾರುತ್ತದೆ.

ಆಟಗಾರ ಹಗುರವಾದದ್ದನ್ನು ಒಮ್ಮೆ ಬಿಟ್ಟು ನೋಡಿದ. ತನ್ನ ಕೈಗೆಂದೇ ಅಳತೆ ಕೊಟ್ಟು ಮಾಡಿಸಿದಂತಿತ್ತು. ಜೇಬಿಗೆ ಕೈ ಹಾಕಿದವನು ಹಾಗೇ ನಿಂತು ಕೇಳಿದ: "ಅವನು ಬಂದಿದ್ದನೇ?"

"ನಿನ್ನೆ ಬಂದಿದ್ದರು. ಭಾರದ್ದನ್ನು ಅರ್ಧ ಗಂಟೆ ಆಡಿಸಿದರು."

"ಇದನ್ನು?"

"ಮುಟ್ಟಲೇ ಇಲ್ಲ."

ಹಗುರವಾದದ್ದು ಇವನ ಕೈಯಲ್ಲಿದ್ದಂತೆಯೇ ಕಳಪೆಯಾಯಿತು. "ಭಾರದ್ದನ್ನು ಕಟ್ಟಿಕೊಡಿ," ಎಂದ.

"ಸ್ವಾಮಿ, ನಿಮ್ಮ ಕೈಗೆ ಇದೇ ಒಪ್ಪುತ್ತದೆ."

"ಭಾರದ್ದು ನನ್ನ ಕೈಗೆ ಒಪ್ಪದಿದ್ದರೂ ಸರಿ. ಅವನ ಕೈಗೆ ಸಿಗಬಾರದು."

ವ್ಯಾಪಾರಿ ಕಟ್ಟಿಕೊಟ್ಟ. ಒಮ್ಮೆ ಹೇಳಿ ನೋಡುವುದು ಅಂಗಡಿಯವನ ಕೆಲಸ, ಎರಡನೆಯ ಸಲ ಹೇಳುವುದಲ್ಲ.

ಪಂದ್ಯಕ್ಕೆ ಆ ಇನ್ನೊಬ್ಬ ತನ್ನ ಹಳೆಯ, ಗೀರು ಬಿದ್ದ ಯೋಯೋ ಹಿಡಿದೇ ಬಂದ. ಗೆದ್ದ. ಇವನ ಬೆರಳು ಓಡಿದ ಕಡೆಗೆ ಭಾರದ ಯೋಯೋ ತಡವಾಗಿ ಬಂತು. ದಾರ ಗಂಟು ಬಿದ್ದು ಆಟ ನಡುವೆಯೇ ನಿಂತಿತು.

ಇವನು ತಡೆಯಲಾರದೆ ಹೋಗಿ ಕೇಳಿದ: "ಅಷ್ಟು ಹೊತ್ತು ಆಡಿಸಿದವರು ಯಾಕೆ ಕೊಳ್ಳಲಿಲ್ಲ?"

"ನನಗದು ಆಗಿಬರುವುದಿಲ್ಲ ಎಂದು ತಿಳಿಯಲು ಅಷ್ಟು ಹೊತ್ತು ಬೇಕಾಯಿತು, ಮಾರಾಯರೇ. ಹಗುರವಾದದ್ದು ನಿಮ್ಮ ಕೈಯದು. ಮುಟ್ಟಿದರೆ ನನಗೂ ಆಸೆಯಾದೀತೆಂದು ಅದರ ತಂಟೆಗೇ ಹೋಗಲಿಲ್ಲ."

ಮರುದಿನ ಇವನು ಅದೇ ಅಂಗಡಿಗೆ ಹೋಗಿ ಹಗುರವಾದದ್ದನ್ನೂ ಕೊಂಡ. ವ್ಯಾಪಾರಿ ಏನೂ ಕೇಳದೆ ಕಟ್ಟಿಕೊಟ್ಟ. ಕೊನೆಗೆ ಗಳಿಕೆ ಇಷ್ಟು: ಅವನಿಗೆ ಗೆಲುವು, ವ್ಯಾಪಾರಿಗೆ ಒಂದೇ ಗಿರಾಕಿಯಿಂದ ಎರಡು ಮಾರಾಟ, ಇವನಿಗೆ ಪಂದ್ಯ ಮುಗಿದ ಮೇಲೆ ಎರಡು ಯೋಯೋ.

ಕತೆ ಮುಗಿಯಿತು. ನೇಮಣ್ಣ, "ಅದಿರಲಿ ಗುರುಗಳೇ, ಪಾಯಪ್ಪ ಯಾವುದನ್ನು ಕೇಳಿದ?" ಎಂದ.

ಸೆಟ್ಟರು ಹೇಳಿದರು: "ಬೆಳಿಗ್ಗೆ ಬಂದಿದ್ದ ಪಾಯಪ್ಪ ಎರಡರಲ್ಲಿ ಒಂದರ ವಿಷಯವನ್ನಷ್ಟೇ ಕೇಳಿದ; ನಿನಗೆ ಒಪ್ಪುವ ಇನ್ನೊಂದು ಮಳಿಗೆಯ ಮಾತನ್ನೇ ಎತ್ತಲಿಲ್ಲ."