ಕಂಬದ ಗೆರೆ, ಬೋಯಾದ ಸೊಂಟ

ಈ ಸುದ್ದಿ ತಂದದ್ದು ಒಂದು ಏಡಿ. ಅಡ್ಡಡ್ಡ ಹೇಳುವುದು ಅದರ ಜಾಯಮಾನ. ನೆಟ್ಟಗೆ ಮಾಡಿಕೊಳ್ಳುವುದು ಕೇಳಿದವರ ಕರ್ಮ.

ಬಂದರಿನ ನೀರಲ್ಲಿ ಗೆರೆ ಕೊರೆದ ಒಂದು ಅಳತೆಗಂಬವಿತ್ತು. ಮೂವತ್ತು ವರ್ಷದ ಉಬ್ಬರವೆಲ್ಲ ಅದಕ್ಕೆ ಬಾಯಿಪಾಠ. ಪಕ್ಕದಲ್ಲೇ ಹಡಗುಗಳಿಗೆ ದಾರಿ ತೋರುವ ಪೊಳ್ಳು ಪೀಪಾಯಿ, ಸರಪಳಿ ಕಟ್ಟಿಸಿಕೊಂಡ ಬೋಯಾ, ತೇಲುತ್ತಿತ್ತು.

ಒಂದು ಸಂಜೆ ಬಸುರಿ ಕಡಲಾಮೆ ಬಂದು ಕೇಳಿತು: "ಅಣ್ಣಂದಿರೇ, ನನ್ನಮ್ಮ ಮೊಟ್ಟೆಯಿಟ್ಟ ಮರಳಲ್ಲೇ ನಾನೂ ಇಡಬಹುದೇ? ನೀರು ಅಲ್ಲಿವರೆಗೆ ಏರುವುದಿಲ್ಲ ತಾನೆ?"

ಬೋಯಾ ಮೈ ಕುಲುಕಿಸಿ ನಕ್ಕಿತು. "ನಾನು ಬಂದಂದಿನಿಂದ ನೀರು ನನ್ನ ಸೊಂಟ ದಾಟಿಲ್ಲ ಮಾರಾಯ್ತಿ. ನಿಶ್ಚಿಂತೆಯಿಂದ ಇಡು."

ನೀರು ಏರಿದಷ್ಟೂ ಇವನೂ ಏರುತ್ತಾನೆ, ಸೊಂಟ ದಾಟುವುದೆಲ್ಲಿಂದ ಎಂದುಕೊಂಡಿತು ಕಂಬ. ಆಮೆಯ ಅಮ್ಮನ ಕಾಲಕ್ಕಿಂತ ಉಬ್ಬರ ಎರಡು ಗೆರೆ ಮೇಲೆ ಬಂದಿತ್ತು. ಮಾತು ನಾಲಿಗೆಯ ತುದಿಗೂ ಬಂತು.

"ನೀವೇನು ಹೇಳುತ್ತೀರಿ?" ಎಂದು ಆಮೆ ಅದರತ್ತ ತಿರುಗಿತು.

"ನನ್ನದು ಬರೆದಿಡುವ ಕೆಲಸ, ತಂಗಿ. ಹೇಳಬೇಕಾದರೆ ಮೇಲಿನಿಂದ ಅಪ್ಪಣೆಯಾಗಬೇಕು," ಎಂದಿತು ಕಂಬ.

ಆಮೆ ಕತ್ತೆತ್ತಿ ನೋಡಿತು. ಮೇಲೆ ಒಂದು ಕಡಲಕಾಗೆ ಬಿಟ್ಟರೆ ಯಾರೂ ಇರಲಿಲ್ಲ. ಆಮೆ ಹೋಗಿ ಅಮ್ಮನ ಜಾಗದಲ್ಲೇ ಮೊಟ್ಟೆಯಿಟ್ಟಿತು.

ಹುಣ್ಣಿಮೆಯ ಉಬ್ಬರ ಮರಳದಿಬ್ಬ ಹತ್ತಿ ಮೊಟ್ಟೆಗಳನ್ನು ಎಳೆದು ತಂತು. ಅವು ಒಂದೊಂದಾಗಿ ಬೋಯಾಕ್ಕೆ ಬಡಿದವು. "ನೋಡಿದೆಯಾ, ಇವತ್ತೂ ಸೊಂಟದ ತನಕವೇ," ಎಂದಿತು ಬೋಯಾ ಕಂಬಕ್ಕೆ.

ಆಮೇಲೆ ಕಂಬಕ್ಕೂ ಬಡಿದವು. ಯಾವ ಮೊಟ್ಟೆ ಯಾವ ಗೆರೆಗೆ ಬಡಿಯಿತು ಎಂಬುದನ್ನು ಕಂಬ ಒಂದೂ ತಪ್ಪದಂತೆ ಬರೆದಿಟ್ಟುಕೊಂಡಿತು.