ಒಡಕು ದನಿಯ ಹುಂಜ

ಮೇಷ್ಟರ ಮನೆಯ ಹಿತ್ತಲಲ್ಲಿ ಮೊದಲ ಸಲ ಕೂಗಲು ಹೋದ ಎಳೆಯ ಹುಂಜದ ದನಿ ಅರ್ಧಕ್ಕೇ ಒಡೆಯಿತು. ಪಂಜರದ ಗಿಳಿ ನಕ್ಕು, "ಟೀನೇಜರ್!" ಎಂದಿತು. ಹುಂಜ ಸಿಟ್ಟಿನಿಂದ ಬೇಲಿ ಹತ್ತಿತು. "ರೆಬೆಲ್!" ಎಂದಿತು ಗಿಳಿ. ನಾಚಿ ಇಳಿದು ಮೂಲೆ ಸೇರಿದರೆ, "ಮೂಡಿ!"

ಏನು ಮಾಡಿದರೂ ಹೆಸರಿಡುತ್ತದಲ್ಲ ಎಂದು ಹುಂಜಕ್ಕೆ ಬೇಸರವಾಯಿತು.

"ಗಿಳಿಯಣ್ಣಾ, ಇವನ್ನೆಲ್ಲ ಎಲ್ಲಿ ಕಲಿತೆ?"

"ಮೇಷ್ಟರು ಹುಡುಗರನ್ನು ಬೈಯುವಾಗ ಕೇಳಿ ಕೇಳಿ ಬಾಯಿಪಾಠವಾಗಿದೆ."

"ನೀನು ನನ್ನ ವಯಸ್ಸಿನಲ್ಲಿದ್ದಾಗ ನಿನ್ನನ್ನು ಏನೆಂದು ಕರೆದರು?"

ಗಿಳಿ ತನ್ನ ಮೋಟು ರೆಕ್ಕೆಯನ್ನು ಕೊಕ್ಕಿನಿಂದ ಸವರಿತು.

"ರೆಕ್ಕೆ ಬಲಿಯುತ್ತಿದ್ದಂತೆ ಕತ್ತರಿಸಿದರು. ಆಮೇಲೆ 'ಗುಡ್ ಬಾಯ್' ಅಂದರು."

ಹುಂಜ ಮತ್ತೆ ಬೇಲಿ ಹತ್ತಿ ಕೂಗಿತು. ದನಿ ಮತ್ತೆ ಒಡೆಯಿತು.

"ಇನ್ನೊಂದು ಸಲ ಕೂಗು, ತಮ್ಮಾ," ಎಂದಿತು ಗಿಳಿ.