ಸೀತಾಳೆ ದಂಡೆಗೆ ಕಾವಲು

ಮಕ್ಕಳೇ, ಹಳ್ಳದ ಪಕ್ಕದ ಕಾಡಿನಲ್ಲಿ ಕೆಂಚ ಎಂಬ ಕೆಂಜಳಿಲು ಇದ್ದ. ಒಳ್ಳೆಯವನೇ. ಆದರೆ ಒಂದನ್ನು ಹಚ್ಚಿಕೊಂಡರೆ ಉಳಿದದ್ದು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ.

ಒಂದು ದಿನ ಗಿಡಗಳ ಎಣಿಕೆಯವರು ಬಂದು ಕೆಂಚನ ಮರಕ್ಕೂ ಪಕ್ಕದ ಮರಕ್ಕೂ ಕೆಂಪು ಪಟ್ಟಿ ಕಟ್ಟಿದರು. "ಈ ಕಾಡಲ್ಲಿ ಸೀತಾಳೆ ದಂಡೆ ಅನ್ನೋ ಹೂಗಿಡ ಉಳಿದಿರೋದು ಈ ಎರಡು ಮರದ ಮೇಲೆ ಮಾತ್ರ" ಎಂದರು. ಕೆಳಗೆ ಬಯಲು ತುಂಬ ಬಿಳಿ ತುಂಬೆ ಹೂ. "ತುಂಬೆ ಬೇಕಾದಷ್ಟಿದೆ" ಎಂದು ಬರೆದುಕೊಂಡು ಹೋದರು.

ಅಂದಿನಿಂದ ಕೆಂಚ ಕಾವಲಿಗೆ ನಿಂತ. ಗಾಳಿ ಬೀಸಿದರೂ ಗದರುತ್ತಿದ್ದ.

ಕಾರ್ತಿಕ ಸೋಮವಾರ ಊರ ಹೆಂಗಸರು ಶಿವನ ಪೂಜೆಗೆ ತುಂಬೆ ಕೊಯ್ಯಲು ಬಂದರು. ಕೆಂಚ ಕೊಂಬೆಯಿಂದ ಬಗ್ಗಿ ನೋಡಿದ. ಇವರು ತಲೆಯೆತ್ತಿ ನೋಡಿ ಸೀತಾಳೆಯನ್ನೂ ಕಿತ್ತೊಯ್ದರೆ?

ಅವರು ಹೋದದ್ದೇ ತಡ, ಕಾಡುಹಂದಿಯ ಬಳಿ ಓಡಿದ. "ಹಂದಿಯಣ್ಣ, ಈ ತುಂಬೆಯನ್ನೆಲ್ಲ ಬುಡಸಮೇತ ಎತ್ತಿ ಹಾಕು. ಆಗ ಯಾರೂ ಇತ್ತ ಬರೋದಿಲ್ಲ."

ಅಲ್ಲೇ ಮರದ ಪೊಟರೆಯ ಗೂಡಿನಿಂದ ಜೇನಜ್ಜಿ ಹೊರಗೆ ಬಂದಳು. "ಬೇಡ ಕಣೋ ಕೆಂಚ. ಅದು ನಮ್ಮ ಮರಿಗಳ ಊಟ."

"ತುಂಬೆಗೇನು ಬರ ಅಜ್ಜಿ? ಎಲ್ಲಾದರೂ ಸಿಗುತ್ತೆ ಬಿಡು."

ಅಗೆಯುವುದೆಂದರೆ ಹಂದಿಗೆ ಎರಡು ಸಲ ಹೇಳಬೇಕೆ? ಸಂಜೆಯೊಳಗೆ ಬಯಲು ಉತ್ತ ಹೊಲದಂತಾಯಿತು. ಜೇನುಗಳು ನಾಲ್ಕು ದಿನ ಹಸಿದಿದ್ದು, ಗೂಡು ಬಿಟ್ಟು ಹಳ್ಳದಾಚೆಗೆ ಹೋದವು.

ಮಳೆಗಾಲದ ಮೊದಲಿಗೆ ಎರಡೂ ಮರದಲ್ಲಿ ಸೀತಾಳೆ ಜಡೆ ಇಳಿಬಿಟ್ಟಂತೆ ಅರಳಿತು. ಆದರೆ ಹೂವಿಂದ ಹೂವಿಗೆ ಪರಾಗ ಒಯ್ಯುವವರೇ ಇಲ್ಲ. ಹದಿನೈದು ದಿನಕ್ಕೆ ಹೂ ಬಾಡಿ ಉದುರಿತು, ಒಂದು ಕಾಯೂ ಕಟ್ಟಲಿಲ್ಲ. ಕಾಯಿ ಇಲ್ಲದೆ ಬೀಜ ಎಲ್ಲಿಯದು? ಈ ಎರಡು ಗಿಡ ಮುದಿಯಾದರೆ ಸೀತಾಳೆಯ ಕತೆ ಅಲ್ಲಿಗೆ ಮುಗಿಯಿತು. ಪಾಪ, ಕೆಂಚ ಬಿಕ್ಕಿ ಬಿಕ್ಕಿ ಅತ್ತ.

ಹಳ್ಳ ದಾಟಿ ಅಜ್ಜಿಯ ಮುಂದೆ ನಿಂತ. "ತಪ್ಪಾಯ್ತು ಅಜ್ಜಿ. ವಾಪಸು ಬಾ."

"ಮಗಾ, ಸೀತಾಳೆ ನಮಗೆ ವರ್ಷಕ್ಕೊಮ್ಮೆ ಹಬ್ಬದೂಟ. ತಿಂಗಳುಗಟ್ಟಲೆ ಹೊಟ್ಟೆ ಹೊರೆದದ್ದು ತುಂಬೆ. ಅದನ್ನೇ ಕೀಳಿಸಿದೆಯಲ್ಲೋ."

ಕೆಂಚ ಮತ್ತೆ ಅಳತೊಡಗಿದ. ಅಜ್ಜಿ ಅವನ ಹತ್ತಿರ ಹಾರಿ ಬಂದಳು. "ಅಳಬೇಡ. ಆ ಬದುವಿನಲ್ಲಿ ತುಂಬೆ ಒಣಗಿ ನಿಂತಿದೆ. ಬೀಜ ಒಯ್ದು ಚೆಲ್ಲು. ಹೂವಾದ ದಿನ ಬರ್ತೀವಿ."

ಬಾಯಿ ತುಂಬ ಬೀಜ ತುಂಬಿಕೊಂಡು ಕೆಂಚ ಎಷ್ಟು ಸಲ ಹಳ್ಳ ದಾಟಿದನೋ! ಚಳಿಗಾಲಕ್ಕೆ ಬಯಲು ಬೆಳ್ಳಗಾಯಿತು, ಜೇನುಗಳು ಬಂದವು. ಮುಂದಿನ ಮಳೆಗೆ ಸೀತಾಳೆಯಲ್ಲಿ ಒಂದು ಹಸಿರು ಕಾಯಿ ಕಟ್ಟಿತು.

ಅದನ್ನು ನೋಡಲು ಹಂದಿ ಕತ್ತೆತ್ತಿಕೊಂಡು ಬಂತು. ಕೊಂಬೆಯ ಮೇಲಿಂದ ಕೆಂಚ ಕೂಗಿದ, "ಹಂದಿಯಣ್ಣ, ಮೊದಲು ಕಾಲಡಿ ನೋಡು. ತುಂಬೆ ಸಸಿ ಇದೆ."

ನೀತಿ: ಅಪರೂಪದ್ದನ್ನು ಉಳಿಸಬೇಕಾದರೆ, ಬೇಕಾದಷ್ಟಿರುವುದನ್ನೂ ಕಡೆಗಣಿಸಬಾರದು.